ಬ್ಯಾಕ್ಟೀರಿಯಾದೊಳಗೆ ಬೈಬಲ್ ವಾಕ್ಯ

ಡಿಎನ್‌ಎ ಸುರುಳಿ ಮುಂದೆ ಧ್ಯಾನಕ್ಕೆ ಕೂತ ಮನುಷ್ಯನ ಚಿತ್ರ ಬಿಟ್ಟರೆ, ಜೈವಿಕ ತಂತ್ರಜ್ಞಾನ ಮತ್ತು ಅಧ್ಯಾತ್ಮ ಸೇರುವ ಡಿಜಿಟಲ್ ಕಲೆ ಬೇರೇನಿದೆ ಅಂತ ಕೇಳಿದ್ದೀರಿ. ಕಲಾವಿದ ಎಡ್ವಾರ್ಡೊ ಕಾಟ್ಸ್ ಅವರ 1999ರ ಕಲಾಕೃತಿ ‘ಜೆನೆಸಿಸ್’ ನೋಡಿ.

ಮೀನು, ಹಕ್ಕಿ, ಓಡಾಡುವ ಎಲ್ಲ ಜೀವಿಗಳ ಮೇಲೆ ಮನುಷ್ಯನ ಅಧಿಕಾರ ಇರಲಿ ಅನ್ನುವ ಬೈಬಲ್ ವಾಕ್ಯವನ್ನು ಅವರು ಮೋರ್ಸ್ ಕೋಡ್‌ಗೆ, ಅಂದರೆ ಅಕ್ಷರಗಳನ್ನು ಚುಕ್ಕಿ-ಗೆರೆಗಳಲ್ಲಿ ಬರೆಯುವ ಸಂಕೇತಕ್ಕೆ, ಇಳಿಸಿದರು. ಆಮೇಲೆ ಅದನ್ನು ಡಿಎನ್‌ಎಯ ನಾಲ್ಕು ರಾಸಾಯನಿಕ ‘ಅಕ್ಷರ’ಗಳಿಗೆ ಬದಲಿಸಿದರು: ಗೆರೆಗೆ ಟಿ, ಚುಕ್ಕಿಗೆ ಸಿ, ಪದಗಳ ನಡುವಿನ ಜಾಗಕ್ಕೆ ಎ, ಅಕ್ಷರಗಳ ನಡುವಿನದಕ್ಕೆ ಜಿ. ಡಿಎನ್‌ಎ ಸಾಲು ರೆಡಿ! ಅದನ್ನು ಲ್ಯಾಬ್‌ನಲ್ಲಿ ಮಾಡಿಸಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಕ್ಲಿಕ್ ಮಾಡಿ ಆ ಬ್ಯಾಕ್ಟೀರಿಯಾದ ಮೇಲೆ ಅಲ್ಟ್ರಾವಯೊಲೆಟ್ ಬೆಳಕು ಹಾಕಬಹುದಿತ್ತು. ಬೆಳಕು ಬಿದ್ದಷ್ಟೂ ಮ್ಯುಟೇಶನ್ (ಡಿಎನ್‌ಎ ಸಾಲಿನಲ್ಲಿ ಆಗುವ ಬದಲಾವಣೆ) ಜಾಸ್ತಿ. ಕೊನೆಗೆ ಡಿಎನ್‌ಎ ವಾಪಸ್ ಓದಿದಾಗ ವಾಕ್ಯದ ಅಕ್ಷರಗಳೇ ಅಲ್ಲಲ್ಲಿ ಬದಲಾಗಿದ್ದವು.

ಕ್ಲಿಕ್ ಮಾಡಿದರೆ ಆ ಅಧಿಕಾರವನ್ನು ನೀವೇ ಚಲಾಯಿಸಿದ ಹಾಗೆ. ಸುಮ್ನೆ ಬಿಟ್ಟರೆ ವಾಕ್ಯವನ್ನು ಒಪ್ಪಿಕೊಂಡ ಹಾಗೆ. ಒಳ್ಳೆ ಇಕ್ಕಟ್ಟು ಅಲ್ವಾ?

ದೇಹದ ವಿಷಯಕ್ಕಾದರೆ ಕಲಾವಿದೆ ಚಾರ್ ಡೇವಿಸ್ ಅವರ ‘ಆಸ್ಮೋಸ್’ (1995) ಹುಡುಕಿ. ಅದು ವರ್ಚುವಲ್ ರಿಯಾಲಿಟಿ, ಆದರೆ ಕೈಯಲ್ಲಿ ಜಾಯ್‌ಸ್ಟಿಕ್ ಇಲ್ಲ. ಉಸಿರು ಎಳೆದರೆ ಮೇಲಕ್ಕೆ ತೇಲುತ್ತೀರಿ, ಬಿಟ್ಟರೆ ಕೆಳಗೆ ಇಳಿಯುತ್ತೀರಿ. ನನಗಂತೂ ಪ್ರಾಣಾಯಾಮವೇ ನೆನಪಾಯಿತು.