ಎಲೆ ಫೋಟೋ ಹೊಡೆದ್ರೆ ಮೊಬೈಲು ರೋಗ ಹೇಳುತ್ತೆ, ನಂಬಬೋದಾ?

ಪ್ರಶ್ನೆ: ಸಾರ್, ನಮ್ದು ಮುಳಬಾಗಿಲು ಹತ್ರ, ಒಂದೂವರೆ ಎಕರೆ ಟೊಮ್ಯಾಟೊ ಇಟ್ಟಿದೀವಿ. ಮಗ ಮೊಬೈಲಲ್ಲಿ ಎಐ ಆ್ಯಪ್ ಹಾಕ್ಕೊಂಡವ್ನೆ. ಒಂದಿನ ಅರ್ಲಿ ಬ್ಲೈಟ್ ಅಂತೈತೆ, ಮಾರನೇ ದಿನ ಅದೇ ಗಿಡಕ್ಕೆ ಲೇಟ್ ಬ್ಲೈಟ್ ಅಂತೈತೆ. ಔಷಧಿ ಅಂಗಡಿಯವ್ರು ಇನ್ನೇನೋ ಹೇಳ್ತಾರೆ. ಯಾರ ಮಾತು ಕೇಳೋದು? ರೇಟ್ ಯಾವಾಗ ಏರುತ್ತೆ ಅಂತಾನೂ ಇದ್ರಲ್ಲಿ ಗೊತ್ತಾಗ್ತದಾ?

ಉತ್ತರ: ಆ್ಯಪ್ ತೆಗೆದು ಹಾಕೋದೂ ಬೇಡ, ಅದು ಹೇಳ್ತು ಅಂತ ಅಂಗಡಿಗೆ ಓಡೋದೂ ಬೇಡ. ಇವೆಲ್ಲ ಫೋಟೋ ನೋಡಿ ನೋಡಿ ಕಲಿತಿರ್ತವೆ, ಹಾಗಾಗಿ ಯಾವ ಫೋಟೋ ತೋರಿಸಿ ಕಲಿಸಿದ್ರು ಅನ್ನೋದೇ ಮುಖ್ಯ. ಬೆಳೆ ರೋಗ ಗುರುತಿಸೋ ಕೆಲಸ ಮಾಡೋ ಅಮೆರಿಕದ ಪ್ಲಾಂಟ್‌ವಿಲೇಜ್‌ನವ್ರು ಸೇರಿಸಿದ 54 ಸಾವಿರ ಎಲೆ ಫೋಟೋ ಇದೆ, ಟೊಮ್ಯಾಟೊನೂ ಇದೆ ಅದ್ರಲ್ಲಿ, ಆದ್ರೆ ಎಲೆ ಕಿತ್ತು ಖಾಲಿ ಹಾಳೆ ಥರದ ಹಿನ್ನೆಲೆ ಮೇಲೆ ನೀಟಾಗಿ ಇಟ್ಟು ತೆಗೆದವು. 2016ರಲ್ಲಿ ಅವುಗಳಿಂದ ಕಲಿತ ಎಐ ಪ್ರೋಗ್ರಾಮು ಅದೇ ಥರದ ಫೋಟೋಗೆ ನೂರಕ್ಕೆ 99ರ ಮೇಲೆ ಸರಿ ಹೇಳ್ತು, ಬೇರೆ ಕಡೆಯಿಂದ ತಂದ ಫೋಟೋ ಕೊಟ್ರೆ 31ರ ಆಸುಪಾಸಿಗೆ ಬಿತ್ತು. ನಿಮ್ಮ ತೋಟದಲ್ಲಿ ಕಡ್ಡಿ, ದಾರ, ಮಲ್ಚಿಂಗ್ ಶೀಟು, ಕೆಮ್ಮಣ್ಣಿನ ಧೂಳು, ಹೋದ ವಾರ ಹೊಡೆದ ಔಷಧಿ ಬಿಳಿ ಕಲೆ ಎಲ್ಲಾ ಫೋಟೋದಲ್ಲಿ ಬರುತ್ತಲ್ಲ, ಅಲ್ಲೇ ಎಡವೋದು.

ಅದೇ ಪ್ಲಾಂಟ್‌ವಿಲೇಜ್‌ನವ್ರು ಆಫ್ರಿಕಾದ ಮರಗೆಣಸಿಗೆ ‘ನುರು’ (Nuru) ಅನ್ನೋ ಆ್ಯಪ್ ಮಾಡುವಾಗ ತಾಂಜಾನಿಯಾದ ಹೊಲಗಳಲ್ಲೇ ಫೋಟೋ ತೆಗೆದ್ರು, ನೆಟ್ ಇಲ್ದೆನೂ ಓಡೋ ಹಂಗೆ ಮಾಡಿದ್ರು. ಕೋಲಾರದ ಟೊಮ್ಯಾಟೊಗೂ ಯಾರಾದ್ರೂ ಹಂಗೆ ಕೂತು ಮಾಡಬೇಕು, ಎಐ ಮಾಡೋರು ಇರೋ ಬೆಂಗಳೂರು ಏನು ದೂರನಾ?

ಸದ್ಯಕ್ಕೆ ನೀವೇ ಬೆಳಗ್ಗೆ ಹೋಗಿ ಎಲೆ ತಿರುಗಿಸಿ ನೋಡಿ. ಅರ್ಲಿ ಬ್ಲೈಟ್ ಆದ್ರೆ ಕೆಳಗಿನ ಹಳೇ ಎಲೆಯಿಂದ ಶುರು, ಕಂದು ಕಲೆ ಒಳಗೆ ಉಂಗುರ ಉಂಗುರ ಕಾಣುತ್ತೆ. ಲೇಟ್ ಬ್ಲೈಟ್ ಬರೋದು ಮೋಡ, ತೇವ, ತಂಪು ಇದ್ದಾಗ, ನೀರಲ್ಲಿ ನೆಂದಂಗೆ ಮಚ್ಚೆ, ಎಲೆ ಹಿಂದೆ ಬಿಳಿ ಬೂಷ್ಟು, ಇದು ಬಂದ್ರೆ ಕೆಲವೇ ದಿನದಲ್ಲಿ ತೋಟ ಸುಟ್ಟಂಗೆ ಆಗೋಗುತ್ತೆ, ತಡ ಮಾಡಬೇಡಿ. ಎರಡಕ್ಕೂ ಒಂದೇ ಔಷಧಿ ಅಂತ ತಿಳ್ಕೋಬೇಡಿ.

ಇನ್ನೊಂದು, ಪ್ರಶ್ನೆ ಕೇಳಿದ್ರೆ ಉತ್ತರ ಬರೆದುಕೊಡೋ ಚಾಟ್‌ಬಾಟ್‌ನ ಕನ್ನಡದಲ್ಲಿ ಕೇಳಿ ಔಷಧಿ ಅಳತೆ ಮಾತ್ರ ತಗೋಬೇಡಿ. ಇಂಗ್ಲಿಷ್‌ಗೆ ಹೋಲಿಸಿದ್ರೆ ಅದು ಓದಿರೋ ಕನ್ನಡ ಬಹಳ ಕಮ್ಮಿ, ಲೀಟರಿಗೆ ಇಷ್ಟು ಅನ್ನೋದನ್ನ ಎಕರೆಗೆ ಇಷ್ಟು ಅಂತ ಧೈರ್ಯವಾಗಿ ಹೇಳಿಬಿಡಬೋದು. ಡಬ್ಬಿ ಮೇಲಿನ ಲೇಬಲ್ ಓದ್ಸಿ.

ರೇಟ್ ವಿಚಾರ ಬಿಡಿ. 2023ರ ಜುಲೈಲಿ ಕೋಲಾರ ಮಂಡೀಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟ್ತು, ಅದನ್ನ ನೋಡಿ ಎಲ್ರೂ ನಾಟಿ ಮಾಡಿದ್ರೆ ರೇಟ್ ನಿಲ್ಲುತ್ತಾ? ರೇಟ್ ಏರುತ್ತೆ ಅಂತ ಹೇಳೋ ಆ್ಯಪ್ ಎಲ್ರ ಮೊಬೈಲಲ್ಲೂ ಇದ್ರೂ ಇದೇ ಕಥೆ, ಎಲ್ರೂ ಒಟ್ಟಿಗೆ ನಾಟಿ ಮಾಡಿಬಿಡ್ತಾರೆ.

ಅನುಮಾನ ಇದ್ರೆ ಗಿಡದ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಇಲ್ಲಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡ್ತಾರೆ.