ಮಿಸ್ಟರ್ ಫ್ಯೂಷನ್ ಇದ್ದರೂ ಡೆಲೊರಿಯನ್‌ಗೆ 1885ರಲ್ಲಿ ಪೆಟ್ರೋಲ್ ಏಕೆ ಬೇಕಾಯಿತು?

‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾಗಳಲ್ಲಿ ಕಾಲಯಾನ ಮಾಡುವ ಡೆಲೊರಿಯನ್ ಕಾರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಕಸವನ್ನೇ ಇಂಧನವಾಗಿ ತಿನ್ನುವ ಮಿಸ್ಟರ್ ಫ್ಯೂಷನ್ ಬಂದದ್ದು ಪ್ಲುಟೋನಿಯಂ ಬದಲಿಗೆ, ಪೆಟ್ರೋಲ್ ಬದಲಿಗಲ್ಲ. ಕಾಲಯಾನ ಸಾಧ್ಯವಾಗಿಸುವ ಸಾಧನವಾದ ಫ್ಲಕ್ಸ್ ಕೆಪಾಸಿಟರಿಗೆ ಬೇಕಾದ 1.21 ಗಿಗಾವ್ಯಾಟ್, ಅಂದರೆ 121 ಕೋಟಿ ವ್ಯಾಟ್ ವಿದ್ಯುತ್ತನ್ನು ಅದು ಕೊಡುತ್ತದೆ. ಚಕ್ರ ತಿರುಗಿಸುವುದು ಮಾತ್ರ ಮೊದಲಿನಿಂದಲೂ ಮಾಮೂಲಿ ಪೆಟ್ರೋಲ್ ಎಂಜಿನ್ನೇ. ಕಾಲ ದಾಟಲು ವಿದ್ಯುತ್ತಿನ ಜೊತೆಗೆ ಗಂಟೆಗೆ 88 ಮೈಲಿ (ಸುಮಾರು 142 ಕಿ.ಮೀ.) ವೇಗವೂ ಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಕಾರು ಕಾಲ ದಾಟದು.

ಕಥೆ 1885ಕ್ಕೆ ಹೋಗುವ ಮೂರನೇ ಭಾಗದಲ್ಲಿ ಹರಿದದ್ದು ಇಂಧನದ ಪೈಪು. ಟ್ಯಾಂಕ್ ಖಾಲಿ, ಬಂಕ್‌ಗಳು ಇನ್ನೂ ಹುಟ್ಟಿಲ್ಲ. ಹಾರುವ ವ್ಯವಸ್ಥೆ ಸಿಡಿಲಿಗೆ ಮೊದಲೇ ಸುಟ್ಟಿತ್ತು. ಕಡು ಮದ್ಯ ಸುರಿದಾಗ ಎಂಜಿನ್ನಿಗೆ ಇಂಧನ ಹಾಯಿಸುವ ಫ್ಯುಯೆಲ್ ಇಂಜೆಕ್ಷನ್ ಮ್ಯಾನಿಫೋಲ್ಡೇ ಸಿಡಿಯಿತು. ಕುದುರೆ ಕಟ್ಟಿ ಎಳೆಸಿದರೆ ವೇಗ ಸಾಲದು. ಉಳಿದದ್ದು ಕಾರನ್ನು ಹಳಿಯ ಮೇಲಿಟ್ಟು ಹಿಂದಿನಿಂದ ಉಗಿಬಂಡಿಯಲ್ಲಿ ತಳ್ಳುವುದು. ಬಾಯ್ಲರ್ ಬಿಸಿ ಏರಿಸಲು ಈ ಕಾರನ್ನು ಕಾಲಯಂತ್ರವಾಗಿಸಿದ ವಿಜ್ಞಾನಿ ಡಾಕ್ ಬ್ರೌನ್ ಹಸಿರು, ಹಳದಿ, ಕೆಂಪು ಬಣ್ಣದ ವಿಶೇಷ ಕೊರಡುಗಳನ್ನು ತಯಾರಿಸಿದ್ದು ಇದಕ್ಕೇ. ಒತ್ತಡ ಮಿತಿಮೀರಿ ಬಾಯ್ಲರ್ ಒಡೆಯುವ ಅಪಾಯವಿತ್ತು.

1955ರಲ್ಲಿ ಸಿಗಲೆಂದು ಡಾಕ್ 1885ರಲ್ಲೇ ಗಣಿಯಲ್ಲಿ ಬಚ್ಚಿಟ್ಟಿದ್ದ, ಇದೇ ಕಾರಿನ ಹಿಂದಿನ ರೂಪವಾದ ಇನ್ನೊಂದು ಡೆಲೊರಿಯನ್‌ನಿಂದ ಪೆಟ್ರೋಲ್ ತೆಗೆಯಬಹುದಿತ್ತಲ್ಲ? 70 ವರ್ಷ ಮುಚ್ಚಿಡುವ ಗಾಡಿಯಲ್ಲಿ ಡಾಕ್‌ನಂಥವನು ಟ್ಯಾಂಕ್ ತುಂಬಿಸಿ ಬಿಟ್ಟಿರಲಾರ ಎನ್ನುವುದು ನನ್ನ ಊಹೆ.

ಅಂದಹಾಗೆ, ಅಮೆರಿಕದ ಆಗಿನ ನಿಯಮದಿಂದಾಗಿ ಅಸಲಿ ಡೆಲೊರಿಯನ್‌ನ ಸ್ಪೀಡೋಮೀಟರ್ 85 ಮೈಲಿಗೇ ನಿಲ್ಲುತ್ತಿತ್ತು. 88 ತೋರಿಸಲು ಚಿತ್ರತಂಡ ಬೇರೆ ಮೀಟರ್ ಹಾಕಬೇಕಾಯಿತು.