ಮೀಟರ್ ಮುಟ್ಟಲು ಮನಸ್ಸಾಗದ ದಿನಗಳು

ಪ್ರಿಯ ಸಹೋದರಿ,

ತಿಪಟೂರಿನಿಂದ ನೀವು ಬರೆದ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಒಂಬತ್ತು ವರ್ಷದಿಂದ ಶುಗರ್ ಇದೆ, ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ, ಕಾಫಿಗೆ ಸಕ್ಕರೆ ಹಾಕಿ ಯಾವ ಕಾಲವಾಯಿತೋ ಎಂದಿದ್ದೀರಿ. ಆದರೂ ಈ ಸಲ ಮೂರು ತಿಂಗಳ ಟೆಸ್ಟ್ 8.9 ಬಂತು. ‘ಬಾಯಿ ಕಟ್ಟೋಕೆ ಆಗಲ್ವೇನಮ್ಮಾ?’ ಎಂದರಂತೆ ಡಾಕ್ಟರು. ಅದೇ ವಾರ ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ ಗಟ್ಟಿಯಾಗಿ, ‘ಅವರಿಗೆ ಹೋಳಿಗೆ ಬಡಿಸಬೇಡಿ, ಶುಗರ್ ಇದೆ’ ಎಂದರು. ಅವತ್ತಿನಿಂದ ಎರಡು ತಿಂಗಳು ನೀವು ಮನೆಯಲ್ಲಿ ಶುಗರ್ ನೋಡುವ ಮೀಟರ್ ಮುಟ್ಟಿಲ್ಲ. ಶನಿವಾರದ ಭಜನೆಗೂ ಹೋಗುತ್ತಿಲ್ಲ. ಪ್ರಸಾದ ಕೊಡುವಾಗ ಎಲ್ಲರ ಕಣ್ಣು ನಿಮ್ಮ ಕೈ ಮೇಲೇ ಇರುತ್ತದೆ ಅಂತ. ‘ನನ್ನ ಮನಸ್ಸೇ ಗಟ್ಟಿ ಇಲ್ವಾ?’ ಎಂದು ಕೇಳಿದ್ದೀರಿ.

ನಿಮ್ಮ ಮನಸ್ಸು ಗಟ್ಟಿಯಾಗೇ ಇದೆ. ಅದಕ್ಕೆ ಸುಸ್ತಾಗಿದೆ. ಒಂಬತ್ತು ವರ್ಷ ದಿನಕ್ಕೆ ಮೂರು ಹೊತ್ತು ತಟ್ಟೆ ಮುಂದೆ ಕೂತು ಲೆಕ್ಕ ಹಾಕಿದ್ದೀರಿ. ರಜೆಯೇ ಇಲ್ಲದ ಕೆಲಸ ಅದು. ಯಾರಿಗಾದರೂ ಸಾಕಾಗುತ್ತದೆ.

ಈ ಸುಸ್ತನ್ನು ವೈದ್ಯರೂ ಗುರುತಿಸಿದ್ದಾರೆ. ಅಮೆರಿಕದ ಬೋಸ್ಟನ್‌ನಲ್ಲಿರುವ ಜೋಸ್ಲಿನ್ ಡಯಾಬಿಟಿಸ್ ಸೆಂಟರ್‌ನಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಜೊತೆಗಾರರು 1995ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಊಟದ ಬಗ್ಗೆ ಸದಾ ಚಿಂತೆಯಾಗುತ್ತದೆಯೇ, ಪಥ್ಯ ತಪ್ಪಿದಾಗ ತಪ್ಪಿತಸ್ಥರಂತೆ ಅನಿಸುತ್ತದೆಯೇ, ನಾನು ಒಂಟಿ ಅನಿಸುತ್ತದೆಯೇ, ಡಾಕ್ಟರ ಬಗ್ಗೆ ಬೇಸರವಿದೆಯೇ – ಇಂಥವೇ ಪ್ರಶ್ನೆಗಳು. ನಿಮ್ಮ ಪತ್ರ ಓದುವಾಗ ಅವಕ್ಕೆಲ್ಲ ಒಂದೊಂದಾಗಿ ಉತ್ತರ ಬರೆದಂತಿತ್ತು. ‘ಡಯಾಬಿಟಿಸ್ ಡಿಸ್ಟ್ರೆಸ್’ ಎನ್ನುತ್ತಾರೆ ಇದಕ್ಕೆ. 2023ರಲ್ಲಿ ಹೊರಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹವಿದೆ. ಆಸ್ಪತ್ರೆಗೆ ಬಂದವರ ರಕ್ತ ಪರೀಕ್ಷೆ ಮಾಡುತ್ತೇವೆ. ‘ಮನಸ್ಸಿಗೆ ಹೇಗಿದೆ?’ ಅಂತ ಎಷ್ಟು ಜನರನ್ನು ಕೇಳುತ್ತೇವೆ ಹೇಳಿ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಆ 8.9ರ ಬಗ್ಗೆ ಒಂದು ಮಾತು. ಅದು ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸರಾಸರಿ ಎಷ್ಟು ಸಕ್ಕರೆ ಇತ್ತು ಅನ್ನೋದನ್ನು ಹೇಳುತ್ತದೆ, ಅಷ್ಟೇ. ಏಕೆ ಏರಿತು ಅಂತ ಹೇಳುವುದಿಲ್ಲ. ನಿದ್ದೆಗೆಟ್ಟರೆ ಏರಬಹುದು. ಜ್ವರ, ಸೋಂಕು ಬಂದರೆ ಏರಬಹುದು. ಚಿಂತೆಯಲ್ಲಿದ್ದಾಗ ದೇಹ ಬಿಡುಗಡೆ ಮಾಡುವ ಕಾರ್ಟಿಸಾಲ್, ಅಡ್ರಿನಾಲಿನ್ ಎಂಬ ಹಾರ್ಮೋನುಗಳು ಕೂಡ ಸಕ್ಕರೆ ಏರಿಸುತ್ತವೆ. ವರ್ಷ ಕಳೆದಂತೆ ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕ ಗ್ರಂಥಿಯ ಶಕ್ತಿಯೂ ಕುಂದುತ್ತದೆ, ಮೊದಲಿನ ಮಾತ್ರೆ ಸಾಲದೇ ಹೋಗಬಹುದು. ಮುಂದೆ ಡಾಕ್ಟರು ಇನ್ಸುಲಿನ್ ಅಂದರೂ ಅದನ್ನು ಶಿಕ್ಷೆ ಅಂದುಕೊಳ್ಳಬೇಡಿ.

ನನ್ನ ತಂದೆಗೂ ಸಕ್ಕರೆ ಕಾಯಿಲೆ ಇತ್ತು. ನಾನು ಬೆಲ್ಲದ ಡಬ್ಬಿ ಅಡಗಿಸಿಡುತ್ತಿದ್ದೆ. ಬಂದವರ ಎದುರಿಗೇ ‘ಅಪ್ಪಾ, ಎಷ್ಟು ತಿಂದ್ರಿ?’ ಎಂದು ಗದರಿಸುತ್ತಿದ್ದೆ. ಪ್ರೀತಿಯಿಂದಲೇ ಮಾಡುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಕೊನೆಕೊನೆಗೆ ಅವರು ನಮ್ಮ ಜೊತೆ ಕೂತು ಊಟ ಮಾಡುವುದನ್ನೇ ಬಿಟ್ಟರು. ಒಬ್ಬರೇ ಅಡುಗೆಮನೆಯಲ್ಲಿ ಬೇಗ ಬೇಗ ಉಂಡು ಏಳುತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ನಿಮ್ಮ ಮನೆಯವರಿಗೆ ಈ ಪುಟ ತೋರಿಸಿ. ತಟ್ಟೆ ಕಾಯುವ ಬದಲು ಸಂಜೆ ನಿಮ್ಮ ಜೊತೆ ಅರ್ಧ ಗಂಟೆ ನಡೆಯಲು ಬರಲಿ. ನಿಮಗೆ ಮಾಡುವ ಅಡುಗೆಯನ್ನೇ ಅವರೂ ಉಣ್ಣಲಿ.

ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮೀಟರ್ ಬಗ್ಗೆ, ಎಲ್ಲ ಮೊದಲಿನಂತೆ ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ವಾರದಲ್ಲಿ ಎರಡು ದಿನ ಸಾಕೇ, ಯಾವ ಹೊತ್ತಿಗೆ ನೋಡಲಿ ಎಂದು ಡಾಕ್ಟರನ್ನೇ ಕೇಳಿ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ‘ನನಗೆ ಈ ಕಾಯಿಲೆ ನೋಡಿಕೊಂಡು ಸಾಕಾಗಿದೆ. ಬೈದರೆ ಮೀಟರ್ ಮುಟ್ಟೋಕೂ ಭಯವಾಗುತ್ತದೆ.’ ಬಾಯಲ್ಲಿ ಬರದಿದ್ದರೆ ಚೀಟಿಯನ್ನೇ ಕೈಗೆ ಕೊಡಿ. ಆಗಲೂ ಅವರು ಕಿವಿಗೊಡದಿದ್ದರೆ ಬೇರೆ ಡಾಕ್ಟರನ್ನು ನೋಡಿ, ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಮುಖ್ಯ ವಿಷಯ. ಎರಡು ವಾರಕ್ಕೂ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಅದು ಖಿನ್ನತೆಯೂ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಬದುಕೇ ಬೇಡ ಅನಿಸಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಶನಿವಾರ ಭಜನೆಗೆ ಹೋಗಿ. ಪ್ರಸಾದ ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮನೆಗೆ ಕಟ್ಟಿಕೊಂಡು ಬನ್ನಿ, ಯಾರಿಗೂ ಕಾರಣ ಹೇಳಬೇಕಿಲ್ಲ. ಮುಂದಿನ ಪತ್ರದಲ್ಲಿ ರೀಡಿಂಗ್ ಬರೆಯದಿದ್ದರೂ ಪರವಾಗಿಲ್ಲ, ಯಾವ ದೇವರನಾಮ ಹಾಡಿದಿರಿ ಎಂದು ಬರೆಯಿರಿ.

– ಸಂಪಾದಕ